ಎರಡು ಬೈಟಿನ ಸಾಮಾನು: ಕಂಡಿಷನ್ ವೇರಿಯಬಲ್ ಬಗ್ಗೆ ನನ್ನ ರಿವ್ಯೂ

ಕಂಡಿಷನ್ ವೇರಿಯಬಲ್ ಅಂದರೆ, ಬೇಕಾದದ್ದು ಆಗುವ ತನಕ ಥ್ರೆಡ್ಡನ್ನು (ಪ್ರೋಗ್ರಾಮಿನೊಳಗೆ ತನ್ನಷ್ಟಕ್ಕೆ ಓಡುವ ಒಂದು ಕೆಲಸದ ಎಳೆ) ಮಲಗಿಸಿ, ಆದಾಗ ಎಬ್ಬಿಸುವ ಸಾಧನ. ಮೊದಲೇ ಹೇಳಿಬಿಡುತ್ತೇನೆ, ಇದು ಒಂದು ವಾರ ಬಳಸಿ ಬರೆದ ರಿವ್ಯೂ ಅಲ್ಲ. ಕರ್ನಲ್ ಒಳಗೆ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನೊಳಗೆ, ಡ್ರೈವರ್ (ಯಂತ್ರದ ಒಂದು ಭಾಗವನ್ನು ನಡೆಸುವ ಕೋಡ್) ಬರೆಯೋದು ನನ್ನ ಕೆಲಸ. ಹನ್ನೆರಡು ವರ್ಷದಿಂದ ಒಂದೇ ಡ್ರೈವರನ್ನು ಮೂರು ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಸಾಕಿದ್ದೇನೆ. ಮೊದಲು ಫ್ರೀಬಿಎಸ್‌ಡಿ, ಆಮೇಲೆ ಹಳೆಯ ಸೋಲಾರಿಸ್‌ನ ವಂಶದ ಇಲ್ಯೂಮಾಸ್, ಈಗ ಲಿನಕ್ಸ್. ಮೂರೂ ಕಡೆ ಕಂಡಿಷನ್ ವೇರಿಯಬಲ್ಲನ್ನೋ ಅದರ ದಾಯಾದಿಯನ್ನೋ ದಿನಾ ಮುಟ್ಟಿದ್ದೇನೆ. ಅದರಿಂದ ಪೆಟ್ಟು ತಿಂದದ್ದೂ ಇದೆ. ಬಹುಪಾಲು ಪೆಟ್ಟು ನನ್ನದೇ ತಪ್ಪಿನಿಂದ ಅಂತ ಒಪ್ಪಿಕೊಳ್ಳೋಕೆ ಸ್ವಲ್ಪ ಜಾಸ್ತಿ ದಿನ ಬೇಕಾಯಿತು, ಅಷ್ಟೆ.

ನನ್ನ ಡ್ರೈವರ್ ಒಂದು ಕಾರ್ಡಿನದು. ಕಾರ್ಡ್ ಅಳತೆಗಳನ್ನು ತಂದು ಮೆಮೊರಿಯಲ್ಲಿರುವ 64 ಸ್ಲಾಟಿನ ರಿಂಗ್ (ಸುತ್ತಿ ಸುತ್ತಿ ತುಂಬುವ ಗೂಡುಗಳ ಸಾಲು) ಒಳಗೆ ಸುರಿಯುತ್ತದೆ, ಒಂದು ಇಂಟರಪ್ಟ್ ("ಇತ್ತ ನೋಡು" ಅಂತ ಸಿಪಿಯುಗೆ ಹೊಡೆಯುವ ಗಂಟೆ) ಹೊಡೆಯುತ್ತದೆ. ಓದುವ ಥ್ರೆಡ್ ಆ ಸ್ಲಾಟನ್ನು ಎತ್ತಿಕೊಂಡು ಹೋಗಬೇಕು. ಸ್ಲಾಟ್ ಖಾಲಿ ಇದ್ದರೆ ಕಾಯಬೇಕು. ಈ "ಕಾಯಬೇಕು" ಅನ್ನೋದೇ ಎಲ್ಲ ತಲೆನೋವಿನ ಮೂಲ.

ಶುರುವಿನಲ್ಲಿ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಹತ್ತು ಮಿಲಿಸೆಕೆಂಡ್ ಮಲಗು, ಎದ್ದು ನೋಡು, ಇಲ್ಲದಿದ್ದರೆ ಮತ್ತೆ ಮಲಗು. ಕೆಲಸ ನಡೆಯುತ್ತಿತ್ತು. ಆದರೆ ಡೇಟಾ ಬಂದು ಹತ್ತು ಮಿಲಿಸೆಕೆಂಡ್ ತನಕ ಸುಮ್ನೆ ಬಿದ್ದಿರುತ್ತಿತ್ತು. ಹಾಗಂತ ಒಂದು ಮಿಲಿಸೆಕೆಂಡಿಗೆ ಇಳಿಸಿದರೆ ಕಾರ್ಡ್ ಏನೂ ಮಾಡದಿರುವಾಗಲೂ ಥ್ರೆಡ್ ಸೆಕೆಂಡಿಗೆ ಸಾವಿರ ಸಲ ಎದ್ದು ಕಣ್ಣು ಉಜ್ಜಿಕೊಳ್ಳುತ್ತಿತ್ತು. ಇದನ್ನು ನೋಡಿ ನಮ್ಮ ಟೀಮಿನ ಹಿರಿಯರೊಬ್ಬರು "ಅದನ್ನ ಮಲಗೋಕೆ ಬಿಡಪ್ಪ, ಕೆಲಸ ಬಂದಾಗ ಎಬ್ಬಿಸಿದರೆ ಸಾಕು" ಅಂದರು. ಹಾಗೆ ಈ ಸಾಮಾನು ಕೈಗೆ ಬಂತು.

ಸಾಮಾನು ತುಂಬಾ ಚಿಕ್ಕದು. ಇಲ್ಯೂಮಾಸ್‌ನಲ್ಲಿ ಒಂದು ಕರ್ನಲ್ ಕಂಡಿಷನ್ ವೇರಿಯಬಲ್ ಅಂದರೆ ಬರೀ ಎರಡು ಬೈಟ್. ಎಷ್ಟು ಥ್ರೆಡ್ ಕಾಯುತ್ತಿವೆ ಅನ್ನೋ ಎಣಿಕೆ ಬಿಟ್ಟರೆ ಅದರೊಳಗೆ ಏನೂ ಇಲ್ಲ. ಮಲಗಿದವರ ಪಟ್ಟಿ ಬೇರೆ ಕಡೆ, ಕರ್ನಲ್ಲಿನ ಸ್ಲೀಪ್ ಕ್ಯೂ ಟೇಬಲ್ಲಿನಲ್ಲಿ ಇರುತ್ತದೆ. ಫ್ರೀಬಿಎಸ್‌ಡಿಯಲ್ಲಿ ಎಣಿಕೆಯ ಜೊತೆ ಒಂದು ಹೆಸರಿಗೆ ಪಾಯಿಂಟರ್ (ಅದು ಇರುವ ಜಾಗದ ವಿಳಾಸ) ಇದೆ, 64-ಬಿಟ್ ಮೆಷಿನ್ನಿನಲ್ಲಿ 16 ಬೈಟ್ ಆಗುತ್ತದೆ. ಕರ್ನಲ್ ಹೊರಗೆ, ಸಾಮಾನ್ಯ ಪ್ರೋಗ್ರಾಮುಗಳಿಗೆ ಲಿನಕ್ಸಿನ ಲೈಬ್ರರಿಯಾದ ಜಿಲಿಬ್‌ಸಿ ಕೊಡುವ ಪಿಥ್ರೆಡ್ ಕಂಡಿಷನ್ ವೇರಿಯಬಲ್ 48 ಬೈಟ್. ಕರ್ನಲ್ಲಿನದು ಇಷ್ಟು ಪುಟ್ಟದಾಗಿರೋದಕ್ಕೆ ಕಾರಣ ಅದು ಏನನ್ನೂ ನೆನಪಿಟ್ಟುಕೊಳ್ಳೋದಿಲ್ಲ. ಈ ಮಾತಿಗೆ ಆಮೇಲೆ ಬರುತ್ತೇನೆ, ಏಕೆಂದರೆ ಇದರ ಮೇಲಿನ ದೂರುಗಳೆಲ್ಲ ಹುಟ್ಟೋದು ಅಲ್ಲಿಂದಲೇ.

ಬಳಕೆಗೆ ಮೂರೇ ಮೂರು ಗುಂಡಿ. ವೇಟ್ (ಮಲಗು), ಸಿಗ್ನಲ್ (ಒಬ್ಬನನ್ನು ಎಬ್ಬಿಸು), ಬ್ರಾಡ್‌ಕಾಸ್ಟ್ (ಎಲ್ಲರನ್ನೂ ಎಬ್ಬಿಸು). ವೇಟ್ ಕರೆಯುವಾಗ ಕೈಯಲ್ಲಿ ಹಿಡಿದ ಮ್ಯೂಟೆಕ್ಸನ್ನೂ, ಅಂದರೆ ಒಂದು ಸಲಕ್ಕೆ ಒಬ್ಬನೇ ಹಿಡಿಯಬಹುದಾದ ಬೀಗವನ್ನೂ (ಲಾಕ್), ಜೊತೆಗೆ ಕೊಡಬೇಕು. ಮಲಗೋಕೆ ಹೋಗುವವನು ಬೀಗದ ಸಮಾಚಾರ ಯಾಕೆ ಹೇಳಬೇಕು ಅಂತ ನನಗೂ ಮೊದಮೊದಲು ಅನಿಸಿತ್ತು. ಕಾರಣ ಇಷ್ಟೇ. ರಿಂಗ್ ಖಾಲಿಯಾ ಅಂತ ನೋಡಿದೆ. ಖಾಲಿ. ಲಾಕ್ ಬಿಟ್ಟೆ. ಇನ್ನು ಮಲಗಬೇಕು. ಬಿಟ್ಟದ್ದಕ್ಕೂ ಮಲಗೋದಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಇದೆ ಅಲ್ವಾ? ಆ ಸಂದಿನಲ್ಲೇ ಇಂಟರಪ್ಟ್ ಬಂತು, ಸ್ಲಾಟ್ ತುಂಬಿತು, "ಏಳು" ಅಂತ ಕೂಗಿತು. ಮಲಗಿದವರು ಯಾರೂ ಇಲ್ಲ. ಕೂಗು ಗಾಳಿಗೆ ಹೋಯಿತು. ಆಮೇಲೆ ನಾನು ಹೋಗಿ ನೆಮ್ಮದಿಯಾಗಿ ಮಲಗಿದೆ. ಸ್ಲಾಟಿನಲ್ಲಿ ಡೇಟಾ ಇದೆ, ಎಬ್ಬಿಸುವವರಿಲ್ಲ. ಕಾರ್ಡ್ ಮತ್ತೆ ಇಂಟರಪ್ಟ್ ಹೊಡೆಯದಿದ್ದರೆ ಕಥೆ ಅಲ್ಲಿಗೇ ಮುಗಿಯಿತು.

ಈ ಸಂದನ್ನು ಮುಚ್ಚೋದೇ ಕಂಡಿಷನ್ ವೇರಿಯಬಲ್ ಮಾಡುವ ನಿಜವಾದ ಕೆಲಸ. ಫ್ರೀಬಿಎಸ್‌ಡಿಯ ಕೋಡ್ ತೆರೆದು ನೋಡಿದರೆ ಕ್ರಮ ಕಾಣುತ್ತದೆ. ಮೊದಲು ಸ್ಲೀಪ್ ಕ್ಯೂನ ಒಳಬೀಗ ಹಿಡಿಯುತ್ತದೆ, ಥ್ರೆಡ್ಡಿನ ಹೆಸರನ್ನು ಕ್ಯೂಗೆ ಬರೆಸುತ್ತದೆ, ಆಮೇಲಷ್ಟೇ ನಮ್ಮ ಮ್ಯೂಟೆಕ್ಸ್ ಬಿಡುತ್ತದೆ. ಅಷ್ಟರಲ್ಲಿ ಯಾರಾದರೂ ಸಿಗ್ನಲ್ ಮಾಡಿದರೂ ಅವರಿಗೆ ಕ್ಯೂನಲ್ಲಿ ನಮ್ಮ ಹೆಸರು ಸಿಕ್ಕೇ ಸಿಗುತ್ತದೆ. ಹೆಸರು ಮೊದಲು, ಬೀಗ ಆಮೇಲೆ. ಎದ್ದ ಮೇಲೆ ಮ್ಯೂಟೆಕ್ಸನ್ನು ಮತ್ತೆ ಹಿಡಿದುಕೊಂಡೇ ವಾಪಸ್ ಬರುತ್ತದೆ. ಇಷ್ಟು ಭಾಗಕ್ಕೆ ನನ್ನಿಂದ ಪೂರ್ತಿ ಅಂಕ. ಹನ್ನೆರಡು ವರ್ಷದಲ್ಲಿ ಈ ಜಾಗದಲ್ಲಿ ನನಗೆ ಒಮ್ಮೆಯೂ ಮೋಸ ಆಗಿಲ್ಲ.

ಈಗ ನೆನಪಿನ ವಿಷಯ. ಸೆಮಾಫೋರ್ ಅನ್ನೋ ಇನ್ನೊಂದು ಸಾಧನ ಆದರೆ ಕೂಗಿದ್ದನ್ನು ಲೆಕ್ಕ ಇಟ್ಟುಕೊಳ್ಳುತ್ತದೆ. ಕಾಯುವವನು ತಡವಾಗಿ ಬಂದರೂ ಲೆಕ್ಕದಲ್ಲಿ ಒಂದು ಉಳಿದಿರುತ್ತದೆ, ತೆಗೆದುಕೊಂಡು ಹೋಗುತ್ತಾನೆ. ಇದು ಹಾಗಲ್ಲ. ಯಾರೂ ಕಾಯದಿರುವಾಗ ಸಿಗ್ನಲ್ ಮಾಡಿದರೆ ಎಣಿಕೆ ಸೊನ್ನೆ ಇರುತ್ತದೆ, ಸುಮ್ನೆ ವಾಪಸ್ ಬರುತ್ತದೆ. ಹೆಸರಿನಲ್ಲಿ "ವೇರಿಯಬಲ್" ಅಂತಿದ್ದರೂ ಒಳಗೆ ಪ್ರೋಗ್ರಾಮ್ ಓದಬಹುದಾದ ಬೆಲೆ ಯಾವುದೂ ಇಲ್ಲ ಅಂತ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ 1974ರಲ್ಲೇ ಬರೆದಿದ್ದರು. ನಾನು ಅದನ್ನು ಓದಿದ್ದು ಪೆಟ್ಟು ತಿಂದ ಮೇಲೆ.

ಪೆಟ್ಟು ಬಿದ್ದದ್ದು ಹೀಗೆ. ಕಾರ್ಡಿಗೆ ಫರ್ಮ್‌ವೇರ್ (ಕಾರ್ಡಿನೊಳಗೇ ಓಡುವ ಕೋಡ್) ತುಂಬುವ ಕೆಲಸವನ್ನು ಒಂದು ಥ್ರೆಡ್ಡಿಗೆ ಕೊಟ್ಟಿದ್ದೆ. ತುಂಬಿ ಮುಗಿದ ಮೇಲೆ ಅದು ಸಿಗ್ನಲ್ ಮಾಡುತ್ತದೆ, ಮುಖ್ಯ ಥ್ರೆಡ್ ವೇಟ್‌ನಲ್ಲಿ ಕಾದಿರುತ್ತದೆ. "ಮುಗಿಯಿತು" ಅಂತ ಒಂದು ಫ್ಲ್ಯಾಗ್ (ಹೌದು-ಇಲ್ಲ ಅನ್ನೋ ಗುರುತು) ಇಡಬೇಕು ಅಂತ ಹೊಳೆಯಲೇ ಇಲ್ಲ. ನನ್ನ ಮೇಜಿನ ಮೇಲಿದ್ದ ಹಳೇ ಮೆಷಿನ್ನಿನಲ್ಲಿ ಫರ್ಮ್‌ವೇರ್ ತುಂಬೋದು ನಿಧಾನ, ಹಾಗಾಗಿ ಮುಖ್ಯ ಥ್ರೆಡ್ ಯಾವಾಗಲೂ ಮೊದಲು ಹೋಗಿ ಮಲಗುತ್ತಿತ್ತು. ಎಲ್ಲ ಚೆನ್ನಾಗಿತ್ತು. ಹೊಸ ಮೆಷಿನ್ ಬಂತು, ಡಿಸ್ಕ್ ವೇಗವಾಯಿತು, ಸಿಗ್ನಲ್ ಮೊದಲೇ ಹಾರಿಹೋಯಿತು. ಮುಖ್ಯ ಥ್ರೆಡ್ ಆಮೇಲೆ ಬಂದು ಮಲಗಿದ್ದು, ಮಲಗಿಯೇ ಇತ್ತು. ಅದೂ ಪ್ರತಿ ಸಲ ಅಲ್ಲ, ಇಪ್ಪತ್ತು ಸಲ ಬೂಟ್ ಮಾಡಿದರೆ ಒಂದು ಸಲ. ಎರಡು ದಿನ ಡಿಸ್ಕನ್ನೂ ಕಾರ್ಡನ್ನೂ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅದೇ ಪಾಡು.

ಆ ಸಲ ಕೈ ಹಿಡಿದದ್ದು ಫ್ರೀಬಿಎಸ್‌ಡಿಯವರ ಒಂದು ಸಣ್ಣ ಅನುಕೂಲ. ಅಲ್ಲಿ ಕಂಡಿಷನ್ ವೇರಿಯಬಲ್ ತಯಾರು ಮಾಡುವಾಗಲೇ ಒಂದು ಹೆಸರು ಕೊಡಬೇಕು. ಥ್ರೆಡ್ ಅದರ ಮೇಲೆ ಮಲಗಿದ್ದರೆ ಏನೇನು ಓಡುತ್ತಿದೆ ಅಂತ ತೋರಿಸುವ ಟಾಪ್ ಪರದೆಯ ಸ್ಟೇಟ್ ಕಾಲಂನಲ್ಲಿ ಆ ಹೆಸರೇ ಕಾಣುತ್ತದೆ. ನೋಡಿದ ತಕ್ಷಣ ಗೊತ್ತಾಯಿತು, ನನ್ನ ಥ್ರೆಡ್ ಸತ್ತಿಲ್ಲ, "ಎಫ್‌ಡಬ್ಲ್ಯು" ಅನ್ನೋ ಹೆಸರಿನ ಮೇಲೆ ಮಲಗಿದೆ. ಹೆಸರು ಚಿಕ್ಕದಾಗಿ ಇಡಿ, ಉದ್ದ ಇಟ್ಟರೆ ಕಾಲಂನಲ್ಲಿ ಕತ್ತರಿಸಿಹೋಗುತ್ತದೆ. ಇಂಥ ಸೌಕರ್ಯ ಇಲ್ಯೂಮಾಸ್‌ನಲ್ಲಿ ಇಲ್ಲ. ಅಲ್ಲಿ ಇನಿಟ್ ಕರೆಯಲ್ಲಿ ಹೆಸರಿಗೆ ಒಂದು ಜಾಗ ಇದ್ದರೂ ಎಲ್ಲರೂ ನಲ್ (ಖಾಲಿ) ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ಫ್ಲ್ಯಾಗ್ ಇಟ್ಟೆ. ಲಾಕ್ ಹಿಡಿದು ಫ್ಲ್ಯಾಗ್ ಬದಲಿಸು, ಆಮೇಲೆ ಸಿಗ್ನಲ್ ಮಾಡು. ಕಾಯುವವನು ಮೊದಲು ಫ್ಲ್ಯಾಗ್ ನೋಡಲಿ, ಬೇಕಿದ್ದರೆ ಮಾತ್ರ ಮಲಗಲಿ. ನೆನಪು ಅನ್ನೋದು ನಮ್ಮ ಡೇಟಾದಲ್ಲಿ ಇರಬೇಕು, ಈ ಸಾಮಾನಿನಲ್ಲಿ ಅಲ್ಲ.

ಮುಂದಿನದು ಇಫ್ ಮತ್ತು ವೈಲ್ ಜಗಳ. ಕೋಡಿನಲ್ಲಿ ಇಫ್ ಅಂದರೆ ಷರತ್ತನ್ನು ಒಂದು ಸಲ ನೋಡೋದು, ವೈಲ್ ಅಂದರೆ ಮತ್ತೆ ಮತ್ತೆ ನೋಡೋದು. ಇದರಲ್ಲಿ ನಾನು ಸೋತದ್ದು ಇನ್ನೂ ದೊಡ್ಡದಾಗಿ. ನನ್ನ ಮೊದಲ ಕೋಡಿನಲ್ಲಿ "ರಿಂಗ್ ಖಾಲಿ ಇದ್ದರೆ ವೇಟ್ ಮಾಡು" ಅಂತ ಇಫ್ ಹಾಕಿ ಬರೆದಿದ್ದೆ. ಎಬ್ಬಿಸಿದ್ದಾರೆ ಅಂದರೆ ಸ್ಲಾಟ್ ತುಂಬಿದೆ ಅಂತಲೇ ಅರ್ಥ, ಇನ್ನೊಂದು ಸಲ ಯಾಕೆ ನೋಡಬೇಕು? ಒಬ್ಬನೇ ರೀಡರ್ (ಓದುವ ಥ್ರೆಡ್) ಇರುವ ತನಕ ಇದು ಸರಿಯೇ ಇತ್ತು. ಗ್ರಾಹಕರು ಎರಡನೇ ರೀಡರ್ ಹಾಕಿದರು. ಒಂದು ಬೆಳಿಗ್ಗೆ ಲಾಗ್ ತೆರೆದರೆ, 64 ಸ್ಲಾಟಿನ ರಿಂಗಿನಲ್ಲಿ 4,29,49,67,295 ಅಳತೆಗಳು ತುಂಬಿವೆ ಅಂತ ಬರೆದಿತ್ತು.

ಏನಾಗಿತ್ತು ಅಂದರೆ, ಮೊದಲನೆಯವನು ಮಲಗಿದ್ದ. ಇಂಟರಪ್ಟ್ ಬಂತು, ಎಣಿಕೆ ಸೊನ್ನೆಯಿಂದ ಒಂದಾಯಿತು, ಸಿಗ್ನಲ್ ಹೋಯಿತು. ಮೊದಲನೆಯವನು ಎದ್ದ. ಆದರೆ ಎದ್ದವನಿಗೆ ಲಾಕ್ ಇನ್ನೂ ಸಿಕ್ಕಿಲ್ಲ, ಅದಕ್ಕೆ ಸರದಿಯಲ್ಲಿ ನಿಲ್ಲಬೇಕು. ಅಷ್ಟರಲ್ಲಿ ಎರಡನೆಯವನು ಹೊರಗಿಂದ ಆಗ ತಾನೇ ಬಂದು, ಮಲಗದೆಯೇ ಲಾಕ್ ಹಿಡಿದು, ಎಣಿಕೆ ಒಂದು ಇದೆ ಅಂತ ನೋಡಿ ಸ್ಲಾಟ್ ಎತ್ತಿಕೊಂಡು ಹೋದ. ಎಣಿಕೆ ಮತ್ತೆ ಸೊನ್ನೆ. ಈಗ ಮೊದಲನೆಯವನಿಗೆ ಲಾಕ್ ಸಿಕ್ಕಿತು. ಇಫ್ ದಾಟಿ ಆಗಿದೆ, ಇನ್ನೊಮ್ಮೆ ನೋಡೋದಿಲ್ಲ. ಸೊನ್ನೆಯಿಂದ ಒಂದನ್ನು ಕಳೆದ. 32-ಬಿಟ್ ಅನ್‌ಸೈನ್ಡ್ ಎಣಿಕೆಯಲ್ಲಿ ಮೈನಸ್ ಒಂದು ಅನ್ನೋದು ಇಲ್ಲ, ತಿರುಗಿ ತುದಿಗೆ ಹೋಗಿ ನಿಲ್ಲುತ್ತದೆ. ಅಲ್ಲಿಂದ ಆ ನಾನೂರ ಇಪ್ಪತ್ತೊಂಬತ್ತು ಕೋಟಿ.

ಇದು ಸಾಮಾನಿನ ದೋಷವಾ? ಮೂಲ ವಿನ್ಯಾಸ ನೋಡಿದರೆ ನನ್ನ ಇಫ್ ತಪ್ಪಲ್ಲ. ಹೋರ್ ಹೇಳಿದ, ಲಾಕನ್ನೂ ಕಂಡಿಷನ್ ವೇರಿಯಬಲ್ಲನ್ನೂ ಒಟ್ಟಿಗೆ ಕಟ್ಟಿದ ಮಾನಿಟರ್‌ನಲ್ಲಿ ಸಿಗ್ನಲ್ ಮಾಡಿದವನು ಅಲ್ಲೇ ನಿಂತು, ಲಾಕನ್ನು ನೇರವಾಗಿ ಎದ್ದವನ ಕೈಗೆ ಕೊಡುತ್ತಾನೆ. ನಡುವೆ ಮೂರನೆಯವರು ನುಗ್ಗೋಕೆ ಜಾಗವೇ ಇಲ್ಲ. ಆದರೆ ಝೆರಾಕ್ಸ್ ಕಂಪನಿಯ ಮೆಸಾ ಭಾಷೆಯಲ್ಲಿ ಅದನ್ನು ಸಡಿಲ ಮಾಡಿದರು. ಬಟ್ಲರ್ ಲ್ಯಾಂಪ್ಸನ್ ಮತ್ತು ಡೇವಿಡ್ ರೆಡೆಲ್ 1980ರಲ್ಲಿ ಆ ಅನುಭವ ಬರೆದರು. ಅವರ ಪ್ರಕಾರ ಎಬ್ಬಿಸೋದು ಒಂದು ಸುಳಿವು ಮಾತ್ರ, ಭರವಸೆ ಅಲ್ಲ. ಎದ್ದವನು ತಾನೇ ಇನ್ನೊಮ್ಮೆ ನೋಡಿಕೊಳ್ಳಬೇಕು. ನಾನು ಬಳಸಿದ ಕರ್ನಲ್‌ಗಳೆಲ್ಲ ಈ ಎರಡನೇ ದಾರಿಯವು. ಯುನಿಕ್ಸ್ ಮಾದರಿಯ ಸಿಸ್ಟಮ್‌ಗಳ ಮಾನದಂಡವಾದ ಪೋಸಿಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾರೂ ಎಬ್ಬಿಸದೆಯೂ ವೇಟ್ ವಾಪಸ್ ಬರಬಹುದು ಅಂತ ಒಪ್ಪಿಕೊಂಡಿದೆ. ಸಡಿಲ ಮಾಡಿದ್ದರಿಂದ ಒಂದು ಲಾಭವೂ ಇದೆ. ಸುಳ್ಳೇ ಎಬ್ಬಿಸಿದರೂ ಅನಾಹುತ ಆಗೋದಿಲ್ಲ, ಅನುಮಾನ ಇದ್ದಾಗ ಧೈರ್ಯವಾಗಿ ಎಬ್ಬಿಸಬಹುದು. ಹಾಗಾಗಿ ಇದಕ್ಕೆ ನಾನು ಅಂಕ ಕಳೆಯುತ್ತಿಲ್ಲ. ಇಫ್ ತೆಗೆದು ವೈಲ್ ಹಾಕಿದೆ. ಒಂದು ಪದದ ಪ್ಯಾಚ್ (ಕೋಡಿನ ತಿದ್ದುಪಡಿ), ಮೂರು ಪುಟದ ವಿವರಣೆ.

ಸಿಗ್ನಲ್ಲಾ, ಬ್ರಾಡ್‌ಕಾಸ್ಟಾ ಅನ್ನೋ ವಿಷಯದಲ್ಲಿ ನನ್ನ ಅನುಭವ ಚಿಕ್ಕದು. ಒಂದೇ ಕಂಡಿಷನ್ ವೇರಿಯಬಲ್ ಮೇಲೆ "ಜಾಗ ಬೇಕು" ಅನ್ನೋರನ್ನೂ "ಡೇಟಾ ಬೇಕು" ಅನ್ನೋರನ್ನೂ ಒಟ್ಟಿಗೆ ಮಲಗಿಸಿದ್ದೆ. ಡೇಟಾ ಬಂದಾಗ ಹೋದ ಸಿಗ್ನಲ್ ಜಾಗ ಬೇಕಾದವನನ್ನು ಎಬ್ಬಿಸಿತು. ಅವನು ನೋಡಿದ, ಜಾಗ ಇಲ್ಲ, ಮತ್ತೆ ಮಲಗಿದ. ಡೇಟಾ ಬೇಕಾದವನಿಗೆ ಸುದ್ದಿಯೇ ಇಲ್ಲ. ಎಲ್ಲರೂ ನಿದ್ದೆ, ರಿಂಗ್ ತುಂಬಿದೆ. ಬ್ರಾಡ್‌ಕಾಸ್ಟ್ ಹಾಕಿ ಡಂಗುರ ಹೊಡೆದರೆ ಸಮಸ್ಯೆ ಹೋಗುತ್ತದೆ, ಆದರೆ ಒಂದು ಸ್ಲಾಟಿಗೆ ಮೂವತ್ತು ಥ್ರೆಡ್ ಎದ್ದು ಒಂದೇ ಲಾಕಿಗೆ ಮುಗಿಬೀಳುತ್ತವೆ. ಎರಡು ಕಂಡಿಷನ್ ವೇರಿಯಬಲ್ ಇಡೋದೇ ಸರಿ. ಎರಡು ಬೈಟಿಗೆ ಜಿಪುಣತನ ಯಾಕೆ?

ಇನ್ನು ನಿಜವಾದ ದೂರು. ಸಾಮಾನಿನ ಮೇಲಲ್ಲ, ಅದಕ್ಕೆ ಹೆಸರಿಟ್ಟವರ ಮೇಲೆ. ಫ್ರೀಬಿಎಸ್‌ಡಿಯಲ್ಲೂ ಇಲ್ಯೂಮಾಸ್‌ನಲ್ಲೂ ಸಿವಿ-ಟೈಮ್ಡ್‌ವೇಟ್ ಅಂತ ಒಂದೇ ಹೆಸರಿನ ಕರೆ ಇದೆ (ಸಿವಿ ಅಂದರೆ ಕಂಡಿಷನ್ ವೇರಿಯಬಲ್). "ಇಷ್ಟು ಹೊತ್ತು ಕಾದು ನೋಡು, ಆಗದಿದ್ದರೆ ವಾಪಸ್ ಬಾ" ಅನ್ನೋದಕ್ಕೆ. ಫ್ರೀಬಿಎಸ್‌ಡಿಯಲ್ಲಿ ಕೊಡಬೇಕಾದ್ದು "ಇನ್ನು ಎಷ್ಟು ಟಿಕ್" (ಕರ್ನಲ್ ಗಡಿಯಾರದ ಬಡಿತ) ಅನ್ನೋ ಲೆಕ್ಕ. ಇಲ್ಯೂಮಾಸ್‌ನಲ್ಲಿ ಕೊಡಬೇಕಾದ್ದು "ಬೂಟ್ ಆದಾಗಿನಿಂದ ಎಷ್ಟನೇ ಟಿಕ್ಕಿಗೆ" ಅನ್ನೋ ಲೆಕ್ಕ. ನಾನು ಕೋಡನ್ನು ಹಾಗೇ ಎತ್ತಿ ಅಲ್ಲಿಟ್ಟೆ. ಐದು ಸೆಕೆಂಡ್ ಕಾಯಲಿ ಅಂತ 500 ಟಿಕ್ ಕೊಟ್ಟರೆ, ಅದು ಅರ್ಥ ಮಾಡಿಕೊಂಡದ್ದು "ಮೆಷಿನ್ ಆನ್ ಆದ ಐದನೇ ಸೆಕೆಂಡಿಗೆ ಎಬ್ಬಿಸು" ಅಂತ. ಮೆಷಿನ್ ಆನ್ ಆಗಿ ಮೂರು ದಿನ ಆಗಿತ್ತು. ಕರೆದ ತಕ್ಷಣ "ಹೊತ್ತಾಯಿತು" ಅಂತ ಮೈನಸ್ ಒಂದು ಕೊಟ್ಟು ವಾಪಸ್. ನನ್ನ ವೈಲ್ ಲೂಪ್ ಮತ್ತೆ ಕರೆಯಿತು, ಮತ್ತೆ ವಾಪಸ್. ಒಂದು ಕೋರ್ ಪೂರ್ತಿ ನೂರಕ್ಕೆ ನೂರು ಓಡುತ್ತಾ ಕೂತಿತು. ಕಾಯೋಕೆ ಅಂತ ಕರೆದ ಕರೆ ಕಾಯೋದನ್ನೇ ಬಿಟ್ಟಿತ್ತು. "ಇನ್ನು ಎಷ್ಟು" ಅನ್ನೋ ಲೆಕ್ಕಕ್ಕೆ ಇಲ್ಯೂಮಾಸ್‌ನಲ್ಲಿ ಸಿವಿ-ರೆಲ್‌ಟೈಮ್ಡ್‌ವೇಟ್ ಅಂತ ಬೇರೆಯೇ ಇದೆ. ಮೊದಲೇ ಮ್ಯಾನ್ ಪೇಜ್ ಓದಬೇಕಿತ್ತು, ಸರಿ.

ಇದಕ್ಕಿಂತ ಕೆಟ್ಟದ್ದು ಸಿವಿ-ವೇಟ್-ಸಿಗ್. ಕಾಯುತ್ತಿರುವಾಗ ಬಳಕೆದಾರರು ಕಂಟ್ರೋಲ್-ಸಿ ಒತ್ತಿದರೆ ಎದ್ದು ಬರಬೇಕು, ಅದಕ್ಕೆ ಇರುವ ಕರೆ. ಇಲ್ಯೂಮಾಸ್‌ನಲ್ಲಿ ಸೊನ್ನೆ ಬಂದರೆ "ಅಡ್ಡಿ ಬಂತು" ಅಂತ ಅರ್ಥ. ಫ್ರೀಬಿಎಸ್‌ಡಿಯಲ್ಲಿ ಸೊನ್ನೆ ಬಂದರೆ "ಎಲ್ಲ ಸರಿ" ಅಂತ ಅರ್ಥ, ಅಡ್ಡಿ ಬಂದರೆ ಎರರ್ ನಂಬರ್. ಒಂದೇ ಹೆಸರು, ಪೂರಾ ಉಲ್ಟಾ ಉತ್ತರ. ಕಂಪೈಲರ್ ತುಟಿ ಪಿಟಕ್ ಅನ್ನೋದಿಲ್ಲ. ಇಲ್ಯೂಮಾಸ್‌ಗೆ ಪೋರ್ಟ್ ಮಾಡಿದ (ಕೋಡನ್ನು ಅಲ್ಲಿಗೆ ಒಯ್ದ) ಮೇಲೆ ನನ್ನ ಡ್ರೈವರ್ ಡೇಟಾ ಬಂದಾಗಲೆಲ್ಲ ಎರರ್ ಕೊಡುತ್ತಿತ್ತು, ಕಂಟ್ರೋಲ್-ಸಿ ಒತ್ತಿದರೆ ಖುಷಿಯಾಗಿ ಮುಂದುವರಿಯುತ್ತಿತ್ತು. ಒಂದು ನಕ್ಷತ್ರ ಕಳೆದದ್ದು ಇಲ್ಲೇ.

ಲಿನಕ್ಸಿಗೆ ಬಂದಾಗ ಈ ಬ್ರ್ಯಾಂಡೇ ಅಂಗಡಿಯಲ್ಲಿ ಇರಲಿಲ್ಲ. ಅಲ್ಲಿ ಸಿ ಕೋಡಿನವರು ಬಳಸೋದು ವೇಟ್ ಕ್ಯೂ. ವೇಟ್-ಇವೆಂಟ್ ಅನ್ನೋ ಮ್ಯಾಕ್ರೋಗೆ (ಸಿದ್ಧವಾಗಿ ಬರೆದಿಟ್ಟ ಕೋಡಿನ ತುಣುಕು) ಕ್ಯೂ ಕೊಡಿ, ಷರತ್ತು ಕೊಡಿ, ಸಾಕು. ಮತ್ತೆ ಮತ್ತೆ ನೋಡುವ ಲೂಪ್ ಅದರ ಹೊಟ್ಟೆಯಲ್ಲೇ ಇದೆ. ಇಫ್ ಹಾಕಿ ಕೆಡಿಸೋಕೆ ಅವಕಾಶವೇ ಇಲ್ಲ, ಇದು ನನಗೆ ತುಂಬಾ ಹಿಡಿಸಿತು. ಸಂದು ಮುಚ್ಚುವ ಉಪಾಯವೂ ಬೇರೆ. ಮೊದಲು "ನಾನು ಮಲಗಿದ್ದೇನೆ" ಅಂತ ಸ್ಥಿತಿ ಬದಲಿಸಿ ಕ್ಯೂಗೆ ಸೇರುತ್ತದೆ, ಆಮೇಲೆ ಷರತ್ತು ನೋಡುತ್ತದೆ, ಆಮೇಲೆ ಸಿಪಿಯು ಬಿಡುತ್ತದೆ. ನಡುವೆ ಯಾರಾದರೂ ಎಬ್ಬಿಸಿದ್ದರೆ ಸ್ಥಿತಿ ಮತ್ತೆ "ಓಡುತ್ತಿದ್ದೇನೆ" ಅಂತ ಆಗಿರುತ್ತದೆ, ಹಾಗಾಗಿ ಮಲಗೋಕೆ ಹೋದರೂ ನಿದ್ದೆ ಹತ್ತೋದಿಲ್ಲ. ಲಾಕನ್ನು ಜೊತೆಗೆ ಕೊಡುವ ಬಗೆಯವೂ ಇವೆ, ನನ್ನ ಹಳೇ ಅಭ್ಯಾಸಕ್ಕೆ ಅವೇ ಹತ್ತಿರ.

ಲಿನಕ್ಸಿನಲ್ಲಿ ನಾನು ಎಡವಿದ್ದು ಬೇರೆ ಕಡೆ. ನಾಲ್ಕು ವರ್ಕರ್ ಥ್ರೆಡ್‌ಗಳನ್ನು ಬರೀ ವೇಟ್-ಇವೆಂಟ್ ಮೇಲೆ ಮಲಗಿಸಿದ್ದೆ. ಮೆಷಿನ್ ಏನೂ ಮಾಡದೆ ಕೂತಿದ್ದರೂ ಲೋಡ್ ಆವರೇಜ್ (ಮೆಷಿನ್ ಮೇಲಿನ ಹೊರೆಯ ಸರಾಸರಿ) 4.00 ತೋರಿಸುತ್ತಿತ್ತು. ಅಲ್ಲಿ ಅಡ್ಡಿಪಡಿಸಲಾಗದ ನಿದ್ದೆಯನ್ನೂ, ಅಂದರೆ ಡಿ ಸ್ಥಿತಿಯನ್ನೂ, ಲೋಡಿಗೆ ಸೇರಿಸುತ್ತಾರೆ. ಜೊತೆಗೆ ಆ ನಿದ್ದೆ 120 ಸೆಕೆಂಡ್ ದಾಟಿದರೆ ಥ್ರೆಡ್ ಸಿಕ್ಕಿಕೊಂಡಿದೆ ಅಂತ ಲಾಗ್‌ನಲ್ಲಿ ಬೊಬ್ಬೆ. ವೇಟ್-ಇವೆಂಟ್-ಐಡಲ್ ಹಾಕಿದ ಮೇಲೆ ಎರಡೂ ನಿಂತಿತು. ಓಪನ್‌ಝೆಡ್‌ಎಫ್‌ಎಸ್‌ನವರು (ಫೈಲ್ ಸಿಸ್ಟಮ್ ಬರೆಯುವವರು) ಸೋಲಾರಿಸ್ ಮಾದರಿಯ ಸಿವಿ-ವೇಟನ್ನೇ ಲಿನಕ್ಸ್ ವೇಟ್ ಕ್ಯೂ ಮೇಲೆ ಕಟ್ಟಿಕೊಂಡಿದ್ದಾರೆ, ಅವರ ಕೋಡಿನಲ್ಲೂ ಇದೇ ಲೋಡ್ ಆವರೇಜ್ ತಲೆನೋವಿಗೆ ಮದ್ದು ಕಾಣುತ್ತದೆ. 2023ರಲ್ಲಿ ಲಿನಕ್ಸ್ ಕರ್ನಲ್ಲಿನಲ್ಲಿ ರಸ್ಟ್ ಭಾಷೆಯ ಭಾಗಕ್ಕೆ ಕಂಡ್‌ವಾರ್ ಅಂತಲೇ ಒಂದು ಬಂತು. ಒಳಗೆ ವೇಟ್ ಕ್ಯೂ, ಹೊರಗೆ ನಮ್ಮ ಹಳೇ ಗೆಳೆಯ. ಅದರಲ್ಲಿ ಲಾಕ್ ಹಿಡಿದಿರುವ ಗುರುತನ್ನು ಕೊಡದೆ ವೇಟ್ ಕರೆಯೋಕೆ ಕಂಪೈಲರ್ ಬಿಡೋದೇ ಇಲ್ಲ.

ಕೊಳ್ಳುವ ಮುಂಚೆ ಇನ್ನೆರಡು ಮಾತು. ಡ್ರೈವರನ್ನು ಇಳಿಸುವಾಗ ಯಾರಾದರೂ ಮಲಗಿದ್ದಾರಾ ನೋಡದೆ ಮೆಮೊರಿ ಬಿಟ್ಟುಬಿಡಬೇಡಿ. "ಮುಚ್ಚುತ್ತಿದ್ದೇವೆ" ಅಂತ ಫ್ಲ್ಯಾಗ್ ಹಾಕಿ, ಬ್ರಾಡ್‌ಕಾಸ್ಟ್ ಮಾಡಿ, ಕೊನೆಯವನು ಹೊರಗೆ ಹೋಗುವ ತನಕ ಕಾಯಿರಿ. ಆ ಕಾಯೋದಕ್ಕೂ ಒಂದು ಕಂಡಿಷನ್ ವೇರಿಯಬಲ್ಲೇ ಬೇಕು, ತಮಾಷೆ ನೋಡಿ. ಇನ್ನೊಂದು, ಇಂಟರಪ್ಟ್ ನೋಡಿಕೊಳ್ಳುವ ಕೋಡಿನಲ್ಲಿ, ಅಥವಾ ಬೇರೊಂದು ಸ್ಪಿನ್‌ಲಾಕ್ (ಮಲಗದೆ ಸುತ್ತುತ್ತಲೇ ಕಾಯಬೇಕಾದ ಬೀಗ) ಹಿಡಿದ ಕೈಯಲ್ಲಿ ವೇಟ್ ಕರೆಯುವ ಹಾಗಿಲ್ಲ, ಅಲ್ಲಿ ಮಲಗೋಕೆ ಅನುಮತಿಯೇ ಇಲ್ಲ. ಒಂದೇ ಒಂದು ಸಲ ಆಗುವ ಘಟನೆಗೆ, ನನ್ನ ಫರ್ಮ್‌ವೇರ್ ಕಥೆಯಂಥದ್ದಕ್ಕೆ, ಲಿನಕ್ಸಿನ ಕಂಪ್ಲೀಷನ್ ಅನ್ನೋ ಸಾಧನ ಜಾಸ್ತಿ ಸರಿ. ಅದು ನೆನಪಿಟ್ಟುಕೊಳ್ಳುತ್ತದೆ.

ಐದಕ್ಕೆ ನಾಲ್ಕು. ನನ್ನ ಡ್ರೈವರಿನಲ್ಲಿ ಇವತ್ತು ಮೂರು ಇವೆ, ಡೇಟಾಕ್ಕೆ ಒಂದು, ಜಾಗಕ್ಕೆ ಒಂದು, ಮುಚ್ಚೋದಕ್ಕೆ ಒಂದು.

ಹೋದ ತಿಂಗಳು ಟೀಮಿಗೆ ಹೊಸದಾಗಿ ಬಂದ ಹುಡುಗಿ ಒಂದು ಪ್ಯಾಚ್ ಕಳಿಸಿದಳು. ವೈಲ್ ಇದ್ದ ಜಾಗದಲ್ಲಿ ಇಫ್. "ಎಬ್ಬಿಸಿದ ಮೇಲೆ ಮತ್ತೆ ಯಾಕೆ ನೋಡಬೇಕು ಸರ್, ಒಂದು ಸಲ ಸಾಕಲ್ವಾ?" ಅಂತ ಕೇಳಿದಳು. ನಾನೇನೂ ವಾದ ಮಾಡಲಿಲ್ಲ. ಎರಡನೇ ರೀಡರ್ ಹಾಕಿ ಸಂಜೆ ತನಕ ಓಡಿಸಮ್ಮ ಅಂದೆ. ಐದೂವರೆಗೆ ಅವಳಿಂದ ಮೆಸೇಜ್ ಬಂತು. ಅದರಲ್ಲಿ ಇದ್ದದ್ದು ಒಂದು ನಂಬರ್ ಮಾತ್ರ: 4,29,49,67,295.